ನಮ್ಮೂರ ಬಂಡೆಯ ಹತ್ತಿರಕ್ಕೆ ನಮ್ಮ ಮಕ್ಕಳನ್ನೂ ಬಿಡಿ

ಗಂಗಾವತಿ ತಾಲ್ಲೂಕಿನಿಂದ ಬಂದು ನಮ್ಮ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿರುವ ಹುಡುಗಿಯೊಬ್ಬಳು ಹೋದ ವರ್ಷ ಪ್ರಯೋಗಾಲಯದಲ್ಲಿ ಗ್ರಾನೈಟಿನ ತುಂಡೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಒಂದು ಪ್ರಶ್ನೆ ಕೇಳಿದಳು. ಅವಳ ಊರು ಹಂಪಿಯ ಎದುರಿಗೆ, ತುಂಗಭದ್ರೆಯ ಆಚೆ ದಂಡೆಯಲ್ಲಿ, ಆನೆಗೊಂದಿಯ ಹತ್ತಿರ. ಚಳಿಗಾಲ ಬಂತೆಂದರೆ ಬೆನ್ನಿಗೆ ದಪ್ಪನೆಯ ಹಾಸಿಗೆಯಂಥದ್ದನ್ನು ಕಟ್ಟಿಕೊಂಡ ವಿದೇಶಿಯರು ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆದು ಗುಡ್ಡದ ಕಡೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದಾಳೆ. ಒಂದೇ ಗುಂಡಿನ ಕೆಳಗೆ ಹಾಸಿಗೆ ಹಾಸಿ, ಹತ್ತಿ, ಬಿದ್ದು, ಮತ್ತೆ ಹತ್ತುತ್ತಾ ಅವರು ಹೊತ್ತು ಮುಳುಗಿಸುವುದನ್ನೂ ನೋಡಿದ್ದಾಳೆ. “ಮೇಡಂ, ಅದನ್ನ ನಮ್ಮಂಥವ್ರೂ ಮಾಡಬೌದೇನ್ರಿ? ಮಾಡೋದಾದ್ರ ಎಲ್ಲಿಗೆ ಹೋಗ್ಬೇಕ್ರಿ?”

ಮಾಡಬಹುದು ಎಂದು ಹೇಳಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಳುವುದಕ್ಕೆ ಆ ಮಧ್ಯಾಹ್ನ ಪೂರ್ತಿ ಹಿಡಿಯಿತು. ಹೇಳುತ್ತಾ ಹೋದಂತೆ ನನ್ನೊಳಗೇ ಸಂಕಟವಾಯಿತು. ಜಗತ್ತಿನ ಮೂಲೆಮೂಲೆಯಿಂದ ಜನ ಹುಡುಕಿಕೊಂಡು ಬರುವ ಬಂಡೆಗಳ ನೆರಳಲ್ಲೇ ಬೆಳೆದ ಮಗಳು, ಅದೇ ಬಂಡೆಯನ್ನು ಮುಟ್ಟಬಹುದೇ ಎಂದು ಬೆಂಗಳೂರಿನ ಮೇಷ್ಟ್ರನ್ನು ಕೇಳಬೇಕಾಗಿ ಬಂದಿದೆ. ಬಂಡೆ ಹತ್ತುವುದು ದುಡ್ಡಿದ್ದವರ ಶೋಕಿ, ಹೊರಗಿನವರ ಹುಚ್ಚು, ಇಲ್ಲವೇ ಪ್ರಾಣದ ಹಂಗಿಲ್ಲದವರ ಸಾಹಸ ಎಂಬ ಮೂರು ಕಲ್ಪನೆಗಳು ನಮ್ಮಲ್ಲಿ ಬೇರು ಬಿಟ್ಟಿವೆ. ಮೂರೂ ತಪ್ಪು. ಇದು ಕಲಿಯಬಹುದಾದ, ಕಲಿಸಬಹುದಾದ ಆಟ. ಇದಕ್ಕೆ ಬೇಕಾದ ಮೈದಾನವನ್ನು ನಿಸರ್ಗ ಕರ್ನಾಟಕಕ್ಕೆ ಬೇರಾರಿಗೂ ಕೊಡದಷ್ಟು ಧಾರಾಳವಾಗಿ ಕೊಟ್ಟಿದೆ.

ಆ ಧಾರಾಳತನದ ಲೆಕ್ಕ ಹೇಳಲು ನನಗೆ ಅವಕಾಶ ಕೊಡಿ, ನನ್ನ ಕಸುಬೇ ಅದು. ರಾಮನಗರದ ಸುತ್ತ ನೀವು ಕಾಣುವ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರನ್ನು ಆ ಊರಿಗೆ ಇಟ್ಟಿದ್ದರು. ಊರು ಆ ಹೆಸರನ್ನು ಕಳಚಿಕೊಂಡಿತು, ಕಲ್ಲು ಉಳಿಸಿಕೊಂಡಿತು. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಕಲ್ಲು ರಾಜ್ಯದ ಮಧ್ಯೆ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಬೆನ್ನೆಲುಬಿನ ಹಾಗೆ ಹಾದುಹೋಗಿದೆ. ಭೂಮಿಯ ಆಳದಲ್ಲಿ ಕರಗಿದ್ದ ಶಿಲಾಪಾಕ ನಿಧಾನವಾಗಿ ಆರಿದ್ದರಿಂದ ಅದರಲ್ಲಿ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳು ಹೆಬ್ಬೆರಳ ಗಾತ್ರಕ್ಕೆ ಬೆಳೆದಿವೆ. ಮೆತ್ತನೆಯ ಭಾಗ ಮಳೆಗಾಳಿಗೆ ಸವೆದು, ಹರಳು ಮಾತ್ರ ಉಬ್ಬಿಕೊಂಡು ನಿಂತಿರುತ್ತದೆ. ಹತ್ತುವವರ ಕಾಲ್ಬೆರಳು ನಿಲ್ಲುವುದು ಆ ಉಬ್ಬಿನ ಮೇಲೆ. ತರಗತಿಯಲ್ಲಿ ಫೆಲ್ಡ್‌ಸ್ಪಾರ್ ಎಂದರೆ ತೂಕಡಿಸುವ ಹುಡುಗರು, ರಾಮನಗರದ ಬಂಡೆಯ ಮೇಲೆ ಹತ್ತು ಅಡಿ ಎತ್ತರದಲ್ಲಿ ಅದರ ಮೇಲೆ ಕಾಲಿಟ್ಟು ನಿಂತಾಗ ಜನ್ಮದಲ್ಲಿ ಮರೆಯುವುದಿಲ್ಲ.

ಬಾದಾಮಿಯ ಕಲ್ಲಿನ ಸ್ವಭಾವವೇ ಬೇರೆ. ಅದು ಮರಳುಗಲ್ಲು. ನೀರು ತಂದು ಹಾಸಿದ ಮರಳು ಪದರಪದರವಾಗಿ ಗಟ್ಟಿಯಾದದ್ದು. ಪದರಗಳ ನಡುವೆ ಅಡ್ಡಲಾಗಿ ಸೀಳುಗಳಿವೆ, ಬೆರಳ ತುದಿ ಹಿಡಿಯುವಷ್ಟೇ ಅಗಲದ ಅಂಚುಗಳಿವೆ. ಇಳಿಜಾರಿಲ್ಲದೆ ನೆಟ್ಟಗೆ ನಿಂತ, ಕೆಲವೆಡೆ ಮುಂದಕ್ಕೆ ಬಾಗಿದ ಕೆಂಪು ಗೋಡೆಗಳವು. 6ನೇ ಶತಮಾನದಲ್ಲಿ ಚಾಲುಕ್ಯರ ಶಿಲ್ಪಿಗಳು ಗುಹೆ ಕೊರೆಯಲು ಆರಿಸಿಕೊಂಡ ಅದೇ ಕಲ್ಲನ್ನು ಇವತ್ತು ಹಗ್ಗ ಕಟ್ಟಿಕೊಂಡವರು ಆರಿಸಿಕೊಂಡಿದ್ದಾರೆ. ಅಲ್ಲಿರುವ ‘ಗಣೇಶ’ ಎಂಬ ದಾರಿಗೆ ಫ್ರೆಂಚ್ ಶ್ರೇಣಿಯಲ್ಲಿ 8ಬಿ+ ದರ್ಜೆ ಇದೆ. ಹೊಸಬರು 5, 6ರ ದರ್ಜೆಗಳಲ್ಲಿ ಓಡಾಡುತ್ತಾರೆ ಎಂದರೆ ಅದು ಎಷ್ಟು ಕಠಿಣವೆಂದು ಊಹಿಸಿಕೊಳ್ಳಬಹುದು. ಹಂಪಿಯದು ಮೂರನೆಯ ಬಗೆ. ಅಲ್ಲಿ ಬಿರುಕುಗಳಲ್ಲಿ ನೀರಿಳಿದು ಕಲ್ಲು ಒಳಗೊಳಗೇ ಕೊಳೆತು, ಕೊಳೆತದ್ದೆಲ್ಲ ಕೊಚ್ಚಿಹೋಗಿ, ಗಟ್ಟಿ ತಿರುಳು ಮಾತ್ರ ಗುಂಡುಗುಂಡಾಗಿ ಒಂದರ ಮೇಲೊಂದು ಕೂತಿದೆ. ಹಗ್ಗವಿಲ್ಲದೆ, ಕೆಳಗೆ ಕ್ರ್ಯಾಶ್ ಪ್ಯಾಡ್ ಹಾಸಿ ಹತ್ತುವ ಬೌಲ್ಡರಿಂಗ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಅಮೆರಿಕದ ಪ್ರಸಿದ್ಧ ಕ್ಲೈಂಬರ್ ಕ್ರಿಸ್ ಶರ್ಮಾ ಗೆಳೆಯರೊಡನೆ ಇಲ್ಲಿಗೆ ಬಂದು ಹತ್ತಿದ್ದನ್ನು ಚಿತ್ರೀಕರಿಸಿದ ‘ಪಿಲ್ಗ್ರಿಮೇಜ್’ 2003ರಲ್ಲಿ ಬಿಡುಗಡೆಯಾಯಿತು. ಗಂಗಾವತಿಯ ಮಗು ನೋಡಿದ ಹಾಸಿಗೆ ಹೊತ್ತವರ ಸಾಲು ಉದ್ದವಾದದ್ದು ಹೆಚ್ಚಾಗಿ ಆ ಮೇಲೆ.

ಈಗ ಅವಳ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ: ಮೊದಲು ಗೋಡೆಗೆ ಹೋಗು, ಬಂಡೆ ಆಮೇಲೆ.

ಬೆಂಗಳೂರಿನಲ್ಲಿರುವವರಿಗೆ ಮೊದಲ ವಿಳಾಸ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆ. ಈ ನಗರದ ಹಳಬರಲ್ಲಿ ಬಹಳಷ್ಟು ಮಂದಿ ಹಗ್ಗದ ಗಂಟು ಕಲಿತದ್ದು ಅಲ್ಲಿಯೇ. ಸಂಜೆ ಹೊತ್ತು ಅಲ್ಲಿ ಕಾಲೇಜು ಹುಡುಗರು, ಕಚೇರಿ ಮುಗಿಸಿ ಬಂದವರು, ಸ್ಪರ್ಧೆಗೆ ತಯಾರಾಗುವ ಪುಟ್ಟ ಮಕ್ಕಳು ಒಟ್ಟಿಗೇ ಇರುತ್ತಾರೆ. ಹತ್ತು ವರ್ಷದ ಪೋರಿಯೊಬ್ಬಳು ನಲವತ್ತು ದಾಟಿದವರಿಗೆ “ಅಂಕಲ್, ಎಡಗಾಲು ಮೇಲಿಡಿ” ಎಂದು ಕೆಳಗಿನಿಂದ ಕೂಗಿ ಹೇಳುವಂಥ ಆಟದ ಅಂಗಳ ಇನ್ನೆಲ್ಲಿದೆ ಹೇಳಿ. ಇತ್ತೀಚಿನ ವರ್ಷಗಳಲ್ಲಿ ಖಾಸಗಿ ಒಳಾಂಗಣ ಜಿಮ್‌ಗಳೂ ಬಂದಿವೆ. ಇಂದಿರಾನಗರದಲ್ಲಿ ಈಕ್ವಿಲಿಬ್ರಿಯಂ ಶುರುವಾದ ಮೇಲೆ ನಗರದ ಬೇರೆ ಬೇರೆ ಭಾಗಗಳಲ್ಲಿ ಒಂದೊಂದಾಗಿ ತೆರೆದುಕೊಂಡವು. ಇವುಗಳಲ್ಲಿ ಹೆಚ್ಚಿನವು ಬೌಲ್ಡರಿಂಗ್ ಗೋಡೆಗಳು. ಎತ್ತರ ನಾಲ್ಕು ಮೀಟರ್ ಆಸುಪಾಸು, ಕೆಳಗೆ ದಪ್ಪ ಮ್ಯಾಟ್, ಗೋಡೆಗೆ ಬಣ್ಣಬಣ್ಣದ ಹೋಲ್ಡ್‌ಗಳು. ಒಂದು ಬಣ್ಣದ ಹೋಲ್ಡ್‌ಗಳನ್ನಷ್ಟೇ ಹಿಡಿದು ಮೇಲೆ ಹೋದರೆ ಒಂದು ‘ಪ್ರಾಬ್ಲಮ್’ ಬಿಡಿಸಿದಂತೆ. ಶೂ ಬಾಡಿಗೆಗೆ ಸಿಗುತ್ತದೆ. ಮೊದಲ ತಿಂಗಳಲ್ಲಿ ಏನನ್ನೂ ಕೊಳ್ಳುವುದು ಬೇಡ.

ಗೋಡೆ ಮೊದಲು ಎನ್ನಲು ಕಾರಣವಿದೆ. ಹೊಸಬರೆಲ್ಲ ತೋಳಿನ ಬಲದಿಂದ ಮೇಲೇರಲು ನೋಡುತ್ತಾರೆ, ಐದು ನಿಮಿಷದಲ್ಲಿ ಮುಂಗೈ ಕಲ್ಲಾಗುತ್ತದೆ. ಭಾರವನ್ನು ಕಾಲಿಗೆ ಕೊಡಬೇಕು, ಸೊಂಟವನ್ನು ಗೋಡೆಗೆ ಹತ್ತಿರ ತರಬೇಕು, ಕೈ ನೀಳವಾಗಿರಬೇಕು. ಇದು ಮೈಗೆ ಹತ್ತುವ ತನಕ ಬೀಳುತ್ತಲೇ ಇರಬೇಕು, ಬೀಳುವುದಕ್ಕೆ ಮ್ಯಾಟ್ ಇರುವ ಜಾಗವೇ ಬೇಕು. ಅದೇ ಅಂಗಳದಲ್ಲಿ ಬಿಲೇ ಮಾಡುವುದನ್ನೂ ಕಲಿಯಬೇಕು. ಮೇಲೆ ಹತ್ತುವವರ ಜೀವ ಕೆಳಗೆ ಹಗ್ಗ ಹಿಡಿದವರ ಕೈಯಲ್ಲಿರುತ್ತದೆ. ಎಂಟರ ಆಕಾರದ ಗಂಟು, ಹಾರ್ನೆಸ್‌ನ ಬಕಲ್, ಕ್ಯಾರಬೈನರ್‌ನ ಸ್ಕ್ರೂ ಇವುಗಳನ್ನು ಪ್ರತಿ ಸಲವೂ ಒಬ್ಬರದನ್ನು ಇನ್ನೊಬ್ಬರು ಮುಟ್ಟಿ ನೋಡಿದ ಮೇಲೆಯೇ ಕಾಲು ಎತ್ತಬೇಕು. ಇಪ್ಪತ್ತು ವರ್ಷ ಹತ್ತಿದವರೂ ಇದನ್ನು ಬಿಡುವುದಿಲ್ಲ. ಬಿಟ್ಟವರ ಜೊತೆ ನಾನು ಹತ್ತುವುದಿಲ್ಲ.

ಗೋಡೆಯ ಮಟ್ಟಿಗೆ ನನ್ನ ದೂರು ಬೆಂಗಳೂರಿನ ಆಚೆಗಿನದು. ಸ್ಪೋರ್ಟ್ ಕ್ಲೈಂಬಿಂಗ್ 2018ರ ಜಕಾರ್ತ ಏಷ್ಯನ್ ಗೇಮ್ಸ್‌ಗೆ ಬಂತು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಬಂತು. 2024ರ ಪ್ಯಾರಿಸ್‌ನಲ್ಲಿ ಅಮೆರಿಕದ ಹದಿಹರೆಯದ ಸ್ಯಾಮ್ ವಾಟ್ಸನ್ 15 ಮೀಟರ್ ಗೋಡೆಯನ್ನು 4.74 ಸೆಕೆಂಡುಗಳಲ್ಲಿ ಏರಿ ವಿಶ್ವದಾಖಲೆ ಮಾಡಿದ. ನೆರೆಯ ಮಹಾರಾಷ್ಟ್ರದ ನವಿ ಮುಂಬೈ 2016ರಲ್ಲೇ ಬೌಲ್ಡರಿಂಗ್ ವಿಶ್ವಕಪ್ ನಡೆಸಿತು. ನಮ್ಮ ಜಿಲ್ಲಾ ಕೇಂದ್ರವೊಂದರಲ್ಲಿ ನಾನು ಕಂಡದ್ದು ಬೇರೆ. ಕ್ರೀಡಾಂಗಣದ ಹಿಂದೆ ಗೋಡೆಯೇನೋ ಇತ್ತು. ಸುತ್ತ ಕಟ್ಟಿದ ಬೇಲಿಯ ಗೇಟಿಗೆ ತುಕ್ಕು ಹಿಡಿದ ಬೀಗ, ಬುಡದಲ್ಲಿ ಸೊಂಟದೆತ್ತರ ಪಾರ್ಥೇನಿಯಂ, ಹೋಲ್ಡ್‌ಗಳ ಬೋಲ್ಟ್ ಸಡಿಲ. ಕೀಲಿ ಯಾರ ಹತ್ತಿರ ಎಂದು ಕೇಳಿದರೆ ಕಾವಲುಗಾರನಿಗೂ ಗೊತ್ತಿರಲಿಲ್ಲ. ಪಕ್ಕದ ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದ ಹುಡುಗಿಯರ ತೋಳು, ಹೆಗಲು, ಕಾಲಿನ ಚುರುಕು ನೋಡಿ ನನಗೆ ತಡೆಯಲಾಗಲಿಲ್ಲ. ಅವರಲ್ಲಿ ನಾಲ್ವರನ್ನು ಆ ಗೋಡೆಯ ಮುಂದೆ ಒಂದು ವರ್ಷ ನಿಲ್ಲಿಸಿದರೆ ಏನಾಗುತ್ತಿತ್ತು ಎಂದು ಇವತ್ತಿಗೂ ಯೋಚಿಸುತ್ತೇನೆ. ಕಟ್ಟಿಸಲು ದುಡ್ಡು ಸಿಕ್ಕಿದೆ, ತೆರೆದಿಡಲು ಒಬ್ಬ ತರಬೇತುದಾರ ಸಿಕ್ಕಿಲ್ಲ.

ಗೋಡೆಯಲ್ಲಿ ಕಲಿತವರು ಬಂಡೆಗೆ ಹೋಗುವ ದಾರಿ ಯಾವುದು? ನಕ್ಷೆಗಿಂತ ಮೊದಲು ಜನ ಬೇಕು. ಗೋಡೆಯ ಹತ್ತಿರ ಎರಡು ವಾರ ತಪ್ಪದೆ ಹೋಗಿ, ಭಾನುವಾರ ಯಾರು ಯಾವ ಬೆಟ್ಟಕ್ಕೆ ಹೊರಟಿದ್ದಾರೆಂಬುದು ತಾನಾಗಿ ಕಿವಿಗೆ ಬೀಳುತ್ತದೆ. ಹೆಚ್ಚಿನವರು ಹೊಸಬರನ್ನು ಸೇರಿಸಿಕೊಳ್ಳುತ್ತಾರೆ, ಹಗ್ಗ ಹೊರಲು ಒಂದು ಬೆನ್ನು ಹೆಚ್ಚಿದ್ದರೆ ಯಾರಿಗೆ ಬೇಡ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಕರ್ನಾಟಕ ಪರ್ವತಾರೋಹಣ ಸಂಸ್ಥೆ ಇದೆ. ಎನ್‌ಸಿಸಿ ಕೆಡೆಟ್ ಆಗಿದ್ದಾಗ ರಾಮನಗರದ ಶಿಬಿರವೊಂದರಲ್ಲಿ ನಾನು ಮೊದಲ ಸಲ ಹಗ್ಗ ಕಟ್ಟಿಕೊಂಡದ್ದು. ಚಿಕ್ಕಬಳ್ಳಾಪುರದ ಕಡೆಯ ಹಳ್ಳಿಯಿಂದ, ಸಲ್ವಾರ್ ತೊಡಲೂ ಮನೆಯಲ್ಲಿ ಅನುಮತಿ ಕೇಳಬೇಕಿದ್ದ ಕಾಲದಲ್ಲಿ ಬಂದವಳಿಗೆ ಆ ಶಿಬಿರ ಕೊಟ್ಟ ಧೈರ್ಯವನ್ನು ಇನ್ಯಾವುದೂ ಕೊಟ್ಟಿಲ್ಲ. ಅಂಥ ಶಿಬಿರಕ್ಕೆ ನಿಮ್ಮ ಮಕ್ಕಳ ಹೆಸರು ಬರೆಸಿ.

ಬೆಂಗಳೂರಿಗೆ ಅತಿ ಹತ್ತಿರದ ಬಂಡೆ ಕನಕಪುರ ರಸ್ತೆಯ ತುರಹಳ್ಳಿ ಕಾಡಿನದು. ಸುಮಾರು 600 ಎಕರೆಯ ಆ ಕಾಡಿನಲ್ಲಿ ದಶಕಗಳಿಂದ ಜನ ಬೌಲ್ಡರಿಂಗ್ ಮಾಡಿದ್ದಾರೆ. ಬೇರೆ ರಾಜ್ಯಗಳಲ್ಲಿ ಹೆಸರು ಮಾಡಿದವರೂ ಚರ್ಮ ಸವೆಸಿಕೊಂಡದ್ದು ಅಲ್ಲೇ. 2021ರ ಫೆಬ್ರುವರಿಯಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾಪ ಬಂದಾಗ ಸುತ್ತಲಿನ ನಿವಾಸಿಗಳು, ಹಕ್ಕಿ ನೋಡುವವರು, ಸೈಕಲ್ ತುಳಿಯುವವರು, ಬಂಡೆ ಹತ್ತುವವರು ಎಲ್ಲ ಒಟ್ಟಿಗೆ ಬೀದಿಗಿಳಿದರು. ಕಾಡು ಕಾಡಾಗಿಯೇ ಇರಲಿ ಎಂದರು. ಬಂಡೆ ಹತ್ತುವವರಿಂದ ಕಾಡಿಗೆ ಕೇಡು ಎನ್ನುವ ಅಧಿಕಾರಿಗಳು ಆ ದಿನಗಳನ್ನು ನೆನಪಿಡಬೇಕು. ಒಂದು ಬಂಡೆಯ ಉಬ್ಬುತಗ್ಗನ್ನು ಬೆರಳಿನಿಂದ ಬಲ್ಲವರು ಆ ಬಂಡೆಯ ಕಾವಲಿಗೆ ಮೊದಲು ಬರುತ್ತಾರೆ.

ದೇವನಹಳ್ಳಿಯ ಆಚೆ ಆವತಿ ಬೆಟ್ಟವಿದೆ, ಯಲಹಂಕ ನಾಡಪ್ರಭುಗಳ ಪೂರ್ವಿಕರು ನೆಲೆಸಿದ್ದ ಊರು. ಪಾಂಡವಪುರದ ಕುಂತಿಬೆಟ್ಟ ಮೈಸೂರು, ಮಂಡ್ಯದವರಿಗೆ ಹತ್ತಿರ. ನಮ್ಮ ಕಡೆಗೆ ವರ್ಲಕೊಂಡ. ಇವೆಲ್ಲಕ್ಕೂ ಕಳಶವಿಟ್ಟಂತೆ ಮಾಗಡಿಯ ಸಾವನದುರ್ಗ, ಸಮುದ್ರಮಟ್ಟದಿಂದ 1,226 ಮೀಟರ್, ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲೊಂದು. ಅಲ್ಲಿ ಹಿಡಿಯಲು ಏನೂ ಇಲ್ಲದ ಇಳಿಜಾರು ಕಲ್ಲಿನ ಮೇಲೆ ಶೂವಿನ ರಬ್ಬರು ಮತ್ತು ಕಲ್ಲಿನ ತಿಕ್ಕಾಟವನ್ನೇ ನಂಬಿ ನೂರಾರು ಅಡಿ ಏರಬೇಕು. ಇದನ್ನು ಸ್ಲ್ಯಾಬ್ ಎನ್ನುತ್ತಾರೆ. ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುವುದು ಈ ಬಗೆಯನ್ನು. ಇಲ್ಲಿ ತೋಳಿನ ಬಲ ನಡೆಯುವುದಿಲ್ಲ, ಉಸಿರು ತಹಬಂದಿಗೆ ಬಾರದೆ ಕಾಲು ನಿಲ್ಲುವುದಿಲ್ಲ. ಆ ಬೆಟ್ಟದ ಒಂದು ಉದ್ದನೆಯ ದಾರಿಗೆ ಹಿರಿಯ ಕ್ಲೈಂಬರ್‌ಗಳು ‘ಬೆಳದಿಂಗಳು’ ಎಂದು ಹೆಸರಿಟ್ಟಿದ್ದಾರೆ. ಕನ್ನಡದ ಹೆಸರು ಹೊತ್ತ ಆ ದಾರಿಯನ್ನು ಹತ್ತಿದ ಕನ್ನಡದ ಮಕ್ಕಳು ಎಷ್ಟು ಮಂದಿ ಎಂಬ ಪ್ರಶ್ನೆ ಅದರ ಬುಡದಲ್ಲಿ ನಿಂತಾಗಲೆಲ್ಲ ನನ್ನನ್ನು ಕಾಡುತ್ತದೆ.

ರಾಮನಗರದ ವಿಷಯ ಸ್ವಲ್ಪ ನಿಂತು ಹೇಳಬೇಕು. ‘ಶೋಲೆ’ ಸಿನಿಮಾದ ಊರೆಂದು ಎಲ್ಲರಿಗೂ ಗೊತ್ತು. ರಾಮದೇವರಬೆಟ್ಟದ ಕಡಿದಾದ ಮೈಯಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಮಾಡುತ್ತದೆಂಬುದು ಕಡಿಮೆ ಜನಕ್ಕೆ ಗೊತ್ತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದಾದ್ಯಂತ ಅವುಗಳ ಸಂತತಿಯನ್ನೇ ಒರೆಸಿಹಾಕಿತು. 2006ರಲ್ಲಿ ಆ ಔಷಧದ ಪಶುವೈದ್ಯ ಬಳಕೆಯನ್ನು ನಿಷೇಧಿಸಿದರು. ಉಳಿದ ಬೆರಳೆಣಿಕೆಯ ಹಕ್ಕಿಗಳಿಗಾಗಿ 2012ರಲ್ಲಿ ಇಲ್ಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ವನ್ಯಧಾಮವೆಂದು ಘೋಷಿಸಿದರು. ಅದರೊಳಗೆ ಹತ್ತಬಾರದು, ಇದರಲ್ಲಿ ಎರಡು ಮಾತಿಲ್ಲ. ವನ್ಯಧಾಮದ ಆಚೆಗೆ ಸಾಕಷ್ಟು ಬಂಡೆಗಳಿವೆ. ಯಾವುದು ಒಳಗೆ, ಯಾವುದು ಹೊರಗೆ, ಯಾವ ತಿಂಗಳು ಯಾವ ಮೈ ಮುಚ್ಚಬೇಕು ಎಂದು ಅರಣ್ಯ ಇಲಾಖೆ ಬೆಟ್ಟದ ಬುಡದಲ್ಲೇ ಒಂದು ಫಲಕ ಹಾಕಿದರೆ ಯಾರೂ ತಪ್ಪು ಮಾಡುವುದಿಲ್ಲ. ಅಂಥ ಫಲಕ ಇಲ್ಲದಾಗ ಒಬ್ಬ ಗಾರ್ಡ್ ಬಿಡುತ್ತಾನೆ, ಇನ್ನೊಬ್ಬ ಗದರಿಸಿ ಕಳಿಸುತ್ತಾನೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು, ಚಾರಣಿಗರ ಸಂಖ್ಯೆಗೆ ಮಿತಿ ಬಂತು. ಬಂಡೆ ಹತ್ತುವವರೂ ಕೇಳುವುದು ಅಂಥದೇ ಒಂದು ಸ್ಪಷ್ಟ ನಿಯಮವನ್ನು.

ಹಂಪಿ, ಬಾದಾಮಿಗೆ ಹೋಗುವವರು ಇನ್ನೂ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಗುಡಿ, ಕೋಟೆ, ಮಂಟಪದ ಕಲ್ಲು ಹತ್ತುವ ಕಲ್ಲಲ್ಲ. ಬಾದಾಮಿ ಹತ್ತಿರದ ಸಿಡಿಲಫಡಿಯಲ್ಲಿ, ಆನೆಗೊಂದಿಯ ಒನಕೆ ಕಿಂಡಿಯಲ್ಲಿ ಇತಿಹಾಸಪೂರ್ವ ಕಾಲದವರು ಬಂಡೆಯ ಮೇಲೆ ಬರೆದ ಚಿತ್ರಗಳಿವೆ. ಹಿಡಿತಕ್ಕೆಂದು ಚಾಕ್ ಪುಡಿ ಹಚ್ಚಿದ ಒಂದು ಅಂಗೈ ಅವುಗಳ ಮೇಲೆ ಬಿದ್ದರೆ ಸಾವಿರಾರು ವರ್ಷ ಉಳಿದದ್ದು ಹಾಳಾಗುತ್ತದೆ. ಆದ್ದರಿಂದ ಗೊತ್ತಿಲ್ಲದ ಬಂಡೆಯನ್ನು ಮುಟ್ಟುವ ಮೊದಲು ಅದರ ಮೈಯನ್ನು ಸುತ್ತಿ ನೋಡಿ, ಊರವರನ್ನು ಕೇಳಿ. ಆನೆಗೊಂದಿಯ ಕಡೆ ಕುರಿ ಮೇಯಿಸುವ ಅಜ್ಜನೊಬ್ಬ ನಮ್ಮ ಗುಂಪನ್ನು ತಡೆದು, “ಆ ಕಲ್ಲಿನ ಬಗಲಾಗ ಹೆಜ್ಜೇನು ಐತಿ, ಬಿಸಲೇರಿದ್ರ ಏಳ್ತಾವ” ಎಂದು ಹೇಳದಿದ್ದರೆ ಆ ದಿನ ನಮ್ಮ ಗತಿ ಏನಾಗುತ್ತಿತ್ತೋ. ಅವನು ಹೇಳಿದ ಕಡೆ ಕತ್ತೆತ್ತಿ ನೋಡಿದರೆ ಕಪ್ಪಗೆ ಮೂರು ಹುಟ್ಟು ನೇತಾಡುತ್ತಿದ್ದವು. ಯಾವ ಆ್ಯಪಿನಲ್ಲೂ ಈ ವಿವರ ಸಿಗುವುದಿಲ್ಲ. ದರೋಜಿಯ ಕಡೆಯ ಗುಡ್ಡಗಳಲ್ಲಿ ಕರಡಿಗಳಿವೆ, ಕತ್ತಲಾಗುವ ಮೊದಲೇ ಇಳಿದುಬಿಡಬೇಕು ಎಂಬುದನ್ನೂ ನಮಗೆ ಕಲಿಸಿದವರು ಅಂಥವರೇ.

ಕಾಲವೂ ಮುಖ್ಯ. ನವೆಂಬರಿನಿಂದ ಫೆಬ್ರುವರಿ ನಮ್ಮ ಹಂಗಾಮು. ಬಿಸಿಲಲ್ಲಿ ಬೆರಳು ಬೆವೆತು ಕಲ್ಲು ಜಾರುತ್ತದೆ, ಬಾದಾಮಿಯ ಏಪ್ರಿಲ್ ಅಂತೂ ಕೆಂಡ. ಮಳೆ ಬಂದರೆ ಗ್ರಾನೈಟು ಒಣಗಿದ ಕೂಡಲೇ ಹತ್ತಬಹುದು, ಮರಳುಗಲ್ಲನ್ನು ಹತ್ತಬಾರದು. ಮರಳಿನ ಕಣಗಳನ್ನು ಹಿಡಿದಿಟ್ಟ ಅಂಟು ನೀರು ಕುಡಿದು ಮೆತ್ತಗಾಗಿರುತ್ತದೆ. ಮೇಲೆ ಒಣಗಿ ಕಂಡರೂ ಒಳಗೆ ತೇವ ಇರುತ್ತದೆ, ಹಿಡಿದ ಅಂಚು ಕೈಗೇ ಬರುತ್ತದೆ. ಒಂದೆರಡು ದಿನ ಕಾಯಬೇಕು. ಆ ಅಂಚು ಮತ್ತೆ ಬೆಳೆಯುವುದಿಲ್ಲ.

ವಾರಾಂತ್ಯದ ಪ್ಯಾಕೇಜುಗಳ ಬಗ್ಗೆ ಪೋಷಕರಿಗೆ ಒಂದು ಮಾತು. ಕ್ಯಾಂಪ್‌ಫೈರ್, ಕಯಾಕಿಂಗ್ ಜೊತೆಗೆ ‘ರಾಕ್ ಕ್ಲೈಂಬಿಂಗ್’ ಎಂದು ಬರೆದಿರುವುದೆಲ್ಲ ಕ್ಲೈಂಬಿಂಗ್ ಅಲ್ಲ. ಸಾಲಾಗಿ ನಿಲ್ಲಿಸಿ ಹಗ್ಗದಲ್ಲಿ ಕೆಳಗಿಳಿಸಿ ಫೋಟೊ ತೆಗೆದು ಕಳಿಸುವುದೇ ಹೆಚ್ಚು. ದುಡ್ಡು ಕೊಡುವ ಮೊದಲು ಕೇಳಿ: ಬೋಧಕರು ಎಲ್ಲಿ ತರಬೇತಿ ಪಡೆದವರು? ಹಗ್ಗಕ್ಕೆ ಎಷ್ಟು ವರ್ಷವಾಗಿದೆ? ಮೇಲೆ ಆಂಕರ್ ಒಂದೇ ಇದೆಯೋ ಎರಡಿವೆಯೋ? ಎರಡಿರಲೇಬೇಕು, ಒಂದು ಕಿತ್ತರೆ ಇನ್ನೊಂದು ಹಿಡಿಯಬೇಕು. ಎಲ್ಲರಿಗೂ ಹೆಲ್ಮೆಟ್ ಇದೆಯೇ? ಪ್ರಶ್ನೆ ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಮಗುವಿನ ಕೈಹಿಡಿದು ವಾಪಸ್ಸು ಬನ್ನಿ.

ಚಿತ್ರದುರ್ಗದ ಜ್ಯೋತಿರಾಜ್ ಹೆಸರು ಕೇಳದ ಕನ್ನಡಿಗರು ಕಡಿಮೆ. ಬರಿಗೈಯಲ್ಲಿ ಕೋಟೆಯ ಗೋಡೆ ಏರುವ ಆತನನ್ನು ಜನ ಕೋತಿರಾಜ್ ಎಂದು ಪ್ರೀತಿಯಿಂದ ಕರೆಯುತ್ತಾರೆ. ಆತನ ಸಾಮರ್ಥ್ಯದ ಮುಂದೆ ನಾನು ತಲೆಬಾಗುತ್ತೇನೆ. ಒಬ್ಬ ಕೂಲಿಕಾರನಲ್ಲಿ ಇಂಥ ಪ್ರತಿಭೆ ಅಡಗಿತ್ತೆಂದರೆ ನಮ್ಮ ಹಳ್ಳಿಗಳಲ್ಲಿ ಇನ್ನೆಷ್ಟು ಮಂದಿ ಇದ್ದಾರೋ ಎಂದೂ ಅನ್ನಿಸುತ್ತದೆ. ಆದರೆ ಮೊಬೈಲಿನಲ್ಲಿ ಅವನನ್ನು ನೋಡಿದ ಹನ್ನೆರಡರ ಹುಡುಗ ಹಗ್ಗವಿಲ್ಲದೆ ಊರ ಬಂಡೆಗೆ ಕೈ ಹಾಕಬಾರದು. ‘ಹತ್ತಬೇಡ’ ಎಂದು ಬೈದರೆ ಅವನು ನಿಲ್ಲುವುದಿಲ್ಲ, ನಾವು ಕಾಣದಾಗ ಹತ್ತುತ್ತಾನೆ. ಅವನಿಗೆ ಬೇಕಾಗಿರುವುದು ಹಗ್ಗ, ಹೆಲ್ಮೆಟ್ ಮತ್ತು ಕೆಳಗೆ ನಿಂತು ಹಿಡಿಯುವ ಒಬ್ಬ ದೊಡ್ಡವರು.

ಇಷ್ಟು ಹೇಳಿದ ಮೇಲೂ ನನ್ನ ನಿಜವಾದ ಆತಂಕ ಬೇರೆಯೇ. ನನ್ನ ಜಿಲ್ಲೆಯಲ್ಲಿ ಬೆಟ್ಟಗಳು ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಲಾರಿ ಹತ್ತುತ್ತಿವೆ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿಯಲ್ಲಿ ಕ್ವಾರಿಯ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಅದಕ್ಕೆ ತಿಂಗಳ ಹಿಂದೆ ಶಿವಮೊಗ್ಗದ ಹುಣಸೋಡಿನಲ್ಲಿ ಅಂಥದೇ ದುರಂತ. ಮನೆ, ರಸ್ತೆ ಕಟ್ಟಲು ಕಲ್ಲು ಬೇಕು, ಒಪ್ಪುತ್ತೇನೆ. ಆದರೆ ಯಾವ ಬೆಟ್ಟ ಒಡೆಯಬೇಕು, ಯಾವುದನ್ನು ಮುಟ್ಟಬಾರದು ಎಂದು ತೀರ್ಮಾನಿಸುವಾಗ ಆ ಬೆಟ್ಟದ ಪರವಾಗಿ ಮಾತಾಡುವವರು ಯಾರು? ಗುಡಿಯಿದ್ದರೆ ಭಕ್ತರಿದ್ದಾರೆ, ಕೋಟೆಯಿದ್ದರೆ ಪುರಾತತ್ವ ಇಲಾಖೆಯಿದೆ. ಬರೀ ಬಂಡೆಗೆ ಯಾರೂ ಇಲ್ಲ, ದಾಖಲೆಯಲ್ಲಿ ಅದು ಖರಾಬು. ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಕ್ಕೆ ಅದು ಉಳಿದಿದೆ. ಊರಿನ ಮಕ್ಕಳು ಭಾನುವಾರ ಹಗ್ಗ ಹೊತ್ತು ಹೋಗುವ ಬೆಟ್ಟವನ್ನು ಗುತ್ತಿಗೆಗೆ ಕೊಡುವುದು ಅಷ್ಟು ಸುಲಭವಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ‘ಅದು ನಮ್ಮ ಆಟದ ಬಯಲು’ ಎನ್ನಲು ಹತ್ತು ದನಿಗಳಿರುತ್ತವೆ.

ದುಡಿಮೆಯ ದೃಷ್ಟಿಯಿಂದಲೂ ನೋಡಿ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಹಂಪಿಯ ಎದುರಿನ ವಿರೂಪಾಪುರಗಡ್ಡೆಯ ಅಕ್ರಮ ಕಟ್ಟಡಗಳನ್ನು ಕೆಡವಿದಾಗ, ಪ್ರವಾಸಿಗರನ್ನೇ ನಂಬಿ ಅನ್ನ ಉಣ್ಣುತ್ತಿದ್ದ ಅನೇಕರ ದಾರಿ ಮುಚ್ಚಿತು. ಪಾರಂಪರಿಕ ತಾಣದ ರಕ್ಷಣೆಗೆ ಕಟ್ಟಡ ಹೋಗಬೇಕಾಗಿತ್ತು, ಅದು ಸರಿ. ಬಂಡೆ ಹತ್ತಿಸಲು ಕಟ್ಟಡ ಬೇಕಿಲ್ಲ. ಆನೆಗೊಂದಿ, ಬಾದಾಮಿಯ ಹತ್ತಿಪ್ಪತ್ತು ಯುವಕ ಯುವತಿಯರಿಗೆ ಸರಿಯಾದ ತರಬೇತಿ, ಸರ್ಟಿಫಿಕೇಟು, ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೊಟ್ಟರೆ ಸಾಕು. ಹೊರಗಿನಿಂದ ಬಂದವರಿಗೆ ಮಾರ್ಗದರ್ಶಕರಾಗಿ ಅವರೇ ಇರುತ್ತಾರೆ, ಸಂಜೆ ಊರಿನ ಮಕ್ಕಳಿಗೂ ಅವರೇ ಕಲಿಸುತ್ತಾರೆ.

ಗಂಗಾವತಿಯ ಆ ಹುಡುಗಿ ಈಗ ವಾರಕ್ಕೆ ಮೂರು ಸಂಜೆ ಗೋಡೆಗೆ ಹೋಗುತ್ತಾಳೆ. ಅವಳಂಥವರು ಬೆಂಗಳೂರಿಗೆ ಬಂದು ಕಲಿಯುವಂತಾಗಬಾರದು. ಕ್ರೀಡಾ ಇಲಾಖೆ ಜಿಲ್ಲೆಗಳಲ್ಲಿ ಬೀಗ ಬಿದ್ದಿರುವ ಗೋಡೆಗಳನ್ನು ಪಟ್ಟಿ ಮಾಡಿ, ದುರಸ್ತಿ ಮಾಡಿಸಿ, ತರಬೇತುದಾರರನ್ನು ನೇಮಿಸಲಿ. ಅರಣ್ಯ ಇಲಾಖೆ ಹಕ್ಕಿಗಳ ಗೂಡಿನ ತಿಂಗಳುಗಳನ್ನು ಬಿಟ್ಟು ಯಾವ ಬಂಡೆಗಳು ಯಾವಾಗ ತೆರೆದಿರುತ್ತವೆ ಎಂದು ಕನ್ನಡದಲ್ಲಿ ಪ್ರಕಟಿಸಲಿ. ದೈಹಿಕ ಶಿಕ್ಷಣದ ಮೇಷ್ಟ್ರುಗಳು ಬೇಸಿಗೆ ಶಿಬಿರಕ್ಕೆ ಮಕ್ಕಳ ಹೆಸರು ಕಳಿಸುವಾಗ ಹುಡುಗಿಯರ ಹೆಸರನ್ನು ಮೊದಲು ಬರೆಯಲಿ. ನೀವು ಬೆಂಗಳೂರಿನವರಾದರೆ ಈ ವಾರವೇ ಒಂದು ಸಂಜೆ ನಿಮ್ಮ ಮಕ್ಕಳೊಂದಿಗೆ ಗೋಡೆಯ ಹತ್ತಿರ ಹೋಗಿ. ಬೇರೆ ಊರಿನವರಾದರೆ ನಿಮ್ಮ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ, ಗೋಡೆ ಇದೆಯೇ, ಇದ್ದರೆ ಅದರ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ. ಉತ್ತರ ಬರುವ ತನಕ ಕೇಳುತ್ತಲೇ ಇರಿ.